ಚಂದ್ರಹಾಸನ ಕಥೆಯಲ್ಲಿ ಒಡೆತನವೂ ನಿಯೋಗವೂ

ಜೈಮಿನಿ ಭಾರತದ ಉಪಾಖ್ಯಾನಗಳಲ್ಲಿ ಕನ್ನಡಿಗರ ಮನಸ್ಸನ್ನು ಚಂದ್ರಹಾಸನ ಕಥೆಯಷ್ಟು ಸೆಳೆದುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಗಮಕಿಗಳಿಗೆ ಅದು ಮೆಚ್ಚಿನ ಭಾಗ. ಯಕ್ಷಗಾನದಲ್ಲಿ ಅದು ಪ್ರಸಿದ್ಧವಾದ ಪ್ರಸಂಗ. ಕುವೆಂಪು ಅವರು ಅದನ್ನು ನಾಟಕವಾಗಿ ರಚಿಸಿದರು. 1965ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಇಷ್ಟು ಪ್ರಚಾರವನ್ನು ಪಡೆದ ಕಥೆಯನ್ನು ವಿಮರ್ಶಕರು ಸಾಮಾನ್ಯವಾಗಿ ಒಂದೇ ದಾರಿಯಿಂದ ನೋಡುತ್ತ ಬಂದಿರುವರು. ದಿಕ್ಕಿಲ್ಲದ ಬಾಲಕನೊಬ್ಬನನ್ನು ಹರಿಭಕ್ತಿಯು ಮೂರು ಸಲ ಮೃತ್ಯುಮುಖದಿಂದ ಪಾರುಮಾಡಿ ಸಿಂಹಾಸನದಲ್ಲಿ ಕುಳ್ಳಿರಿಸಿತೆಂಬುದೇ ಆ ದಾರಿ. ಕವಿಯ ಸಂಕಲ್ಪವೂ ಅದೇ ಆಗಿರುವುದರಿಂದ ಅದನ್ನು ಅಲ್ಲಗಳೆಯುವುದು ಯುಕ್ತವಲ್ಲ. ಆದರೆ ಭಕ್ತಿಯು ಜಯಿಸಬೇಕಾದರೆ ಅದಕ್ಕೆ ಎದುರಾಗಿ ಒಂದು ಲೋಕವು ನಿಲ್ಲಬೇಕಷ್ಟೆ. ಆ ಲೋಕವನ್ನು ಲಕ್ಷ್ಮೀಶನು ಹೇಗೆ ಕಟ್ಟಿದ್ದಾನೆ, ಕುಂತಳದೇಶದಲ್ಲಿ ಅಂತಹ ಅನ್ಯಾಯವು ಅಷ್ಟು ಸುಲಭವಾಗಿ ನಡೆಯಲು ಎಡೆಯೆಲ್ಲಿತ್ತು, ಎಂಬ ವಿಚಾರಕ್ಕೆ ಸಾಕಷ್ಟು ಗಮನವು ಸಂದಂತೆ ತೋರುವುದಿಲ್ಲ. ಆ ಎಡೆಯು ಇದ್ದುದು ಅರಸನಲ್ಲಿ; ಇನ್ನೂ ಸರಿಯಾಗಿ ಹೇಳುವುದಾದರೆ, ಅರಸನು ಇಲ್ಲದಿದ್ದುದರಲ್ಲಿ.

ಒಡೆಯನು ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿ ತಾನು ಕೈಯಿಕ್ಕದೆ ಇರುವ ಕ್ರಮದ ಗುಣದೋಷಗಳನ್ನು ಇಂದು ಕಾರ್ಖಾನೆಗಳ ಮತ್ತು ಕಚೇರಿಗಳ ಸಂಬಂಧದಲ್ಲಿ ಬಹಳವಾಗಿ ಚರ್ಚಿಸುತ್ತಾರೆ. ಅದು ಹೊಸ ಕಾಲದ ಪ್ರಶ್ನೆಯೆಂದೂ ಹಳಗಾವ್ಯಗಳಲ್ಲಿ ಅದನ್ನು ಹುಡುಕುವುದು ಬಲವಂತವೆಂದೂ ಕೆಲವರು ಆಕ್ಷೇಪಿಸಬಹುದು. ಆದರೆ ಕಾರ್ಯವನ್ನು ಒಪ್ಪಿಸಿಕೊಡುವುದೆಂಬುದು ರಾಜ್ಯವೆಂಬುದು ಹುಟ್ಟಿದಂದೇ ಹುಟ್ಟಿದ ಸಂಗತಿ. ಮಂತ್ರಿಯಿಲ್ಲದ ಅರಸನೂ, ಮಣಿಹಗಾರನಿಲ್ಲದ ಮಂತ್ರಿಯೂ ನಮ್ಮ ಕಾವ್ಯಗಳಲ್ಲಿ ಇಲ್ಲ. ಹೀಗಿರಲಾಗಿ ಆ ಕಾವ್ಯಗಳು ಈ ವಿಷಯದಲ್ಲಿ ಏನನ್ನೂ ಕಂಡಿರಲಿಲ್ಲವೆಂದು ಭಾವಿಸುವುದೇ ಹೆಚ್ಚಿನ ಬಲವಂತವಾಗುವುದು.

ಶಿವಮೊಗ್ಗದ ಸುತ್ತಿನ ನಾಡಿನಲ್ಲಿ ಈ ಎರಡು ವಿಷಯಗಳೂ ಒಂದರ ಪಕ್ಕದಲ್ಲೊಂದು ಇರುವುದು ವಿಶೇಷ. ನಗರದ ಹತ್ತಿರ ತುಂಗೆಯ ದಡದಲ್ಲಿ ಮತ್ತೂರಿಗೆ ಎದುರಾಗಿರುವ ಹೊಸಹಳ್ಳಿಯು ಗಮಕಕಲೆಗೆ ಹೆಸರಾದ ಊರು. ಕುಮಾರವ್ಯಾಸ ಲಕ್ಷ್ಮೀಶರನ್ನು ಅಲ್ಲಿ ಓದುವುದಕ್ಕಿಂತ ಕೇಳುವವರೇ ಹೆಚ್ಚು. ಆ ಊರಿನ ಎಚ್. ಆರ್. ಕೇಶವಮೂರ್ತಿಗಳಿಗೆ ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ನಗರದ ಇನ್ನೊಂದು ಮಗ್ಗುಲಲ್ಲಿ, ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಅದರಿಂದ ಮುಂದಕ್ಕೆ ನಡೆದರೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ. ಲಕ್ಷ್ಮೀಶನು ನೆಚ್ಚಿದ ದೇವಪುರವು ಕಡೂರು ತಾಲ್ಲೂಕಿನ ದೇವನೂರೇ ಎಂಬ ಪಕ್ಷವನ್ನು ಹಿಡಿದರೆ (ಸುರಪುರದ ಪಕ್ಷವೂ ಇರುವುದರಿಂದ ಈ ಮಾತನ್ನು ಪಕ್ಷವೆಂದೇ ಇಡಬೇಕು) ಕವಿಯೂ ಇವರಿಗೆ ದೂರದವನಲ್ಲ. ತುಂಗೆಯ ದಡದಲ್ಲಿ ಕೇಳಿದ ಕಥೆಗೂ ಭದ್ರೆಯ ಕಡೆಯಲ್ಲಿ ನಡೆಯುವ ಕೆಲಸಕ್ಕೂ ಸಂಬಂಧವುಂಟೇ ಎಂದು ನೋಡುವುದು ಆದಕಾರಣ ಅಸಂಗತವಲ್ಲ. ಮೊದಲು ಕಥೆಯನ್ನು ನೋಡತಕ್ಕುದು.

ಕುಂತಳದ ಅರಸನು ಕಥೆಯ ಬಹುಭಾಗದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ರಾಜ್ಯವು ಅವನದು, ಆಳಿಕೆಯು ಮಂತ್ರಿಯಾದ ದುಷ್ಟಬುದ್ಧಿಯದು. ಔತಣಕ್ಕೆ ಬಂದ ಬ್ರಾಹ್ಮಣರು ಬೀದಿಯ ಬಾಲಕನನ್ನು ಕಂಡು, ಇವನು ಈ ನಾಡಿಗೆ ಒಡೆಯನಾಗುವನೆಂದು ನುಡಿದಾಗ ಆ ಮಾತು ನಾಟುವುದು ಮಂತ್ರಿಯ ಎದೆಗೆ. ಸಿಂಹಾಸನಕ್ಕೆ ಒದಗಿದ ಅಪಾಯವು ಸಿಂಹಾಸನದಲ್ಲಿ ಕುಳಿತವನನ್ನು ಮುಟ್ಟದೆ ಮಂತ್ರಿಯನ್ನು ಮುಟ್ಟುವುದೆಂಬುದರಿಂದಲೇ ರಾಜ್ಯವು ನಿಜವಾಗಿ ಯಾರ ಕೈಯಲ್ಲಿತ್ತೆಂಬುದನ್ನು ಕವಿಯು ಸೂಚಿಸಿರುವನು. ಅರಸನು ಕ್ರೂರನಲ್ಲ, ಲುಬ್ಧನಲ್ಲ, ವಿಷಯಲಂಪಟನೂ ಅಲ್ಲ. ಅವನ ಮನಸ್ಸು ಪರದ ಕಡೆಗೆ ತಿರುಗಿದುದು. ಕಡೆಯಲ್ಲಿ ಅವನು ಪುರೋಹಿತನಾದ ಗಾಲವನ ಮಾತನ್ನು ಕೇಳಿ, ಮಗಳಾದ ಚಂಪಕಮಾಲಿನಿಯನ್ನೂ ರಾಜ್ಯವನ್ನೂ ಚಂದ್ರಹಾಸನಿಗೆ ಕೊಟ್ಟು ಕಾಡಿಗೆ ಹೋಗಲು ನಿಶ್ಚಯಿಸುವನು. ಲೋಕವು ಇಂತಹವನನ್ನು ಸಾತ್ವಿಕನೆಂದು ಹೊಗಳುವುದು ವಾಡಿಕೆ. ಆದರೆ ಆ ಸಾತ್ವಿಕನ ನೆಳಲಿನಲ್ಲಿಯೇ ಹಸುಳೆಯನ್ನು ಕೊಲ್ಲಲು ಆಳುಗಳು ಹೊರಟರು, ಸಾಮಂತನಾದ ಕುಳಿಂದನು ಸಂಕಟಕ್ಕೆ ಸಿಕ್ಕಿದನು, ದೇವಿಯ ಗುಡಿಯಲ್ಲಿ ಕತ್ತಿಗಳು ಮಸೆದವು. ಇವುಗಳಲ್ಲಿ ಒಂದನ್ನಾದರೂ ಅರಸನು ಬಲ್ಲನೆಂದು ಕಥೆಯು ತಿಳಿಸುವುದಿಲ್ಲ. ಲಕ್ಷ್ಮೀಶನು ಅವನನ್ನು ಹಳಿಯಲೂ ಇಲ್ಲ, ಹೊಗಳಲೂ ಇಲ್ಲ, ದೂರದಲ್ಲಿ ಇರಿಸಿದನು. ಉಪಮಾಲೋಲನೆಂದು ಹೆಸರಾಂತ ಕವಿಯ ಈ ಸಂಯಮವನ್ನು ಮೆಚ್ಚತಕ್ಕುದು. ಇಲ್ಲದವನನ್ನು ವರ್ಣಿಸುವುದಕ್ಕಿಂತ ಅವನು ಇಲ್ಲವೆಂಬುದು ನಮಗೆ ತಟ್ಟುವಂತೆ ಮಾಡುವುದು ಕಷ್ಟ.

ಒಡೆಯನು ಕೈತೆಗೆದ ಎಡೆಯು ಬರಿದಾಗಿ ಉಳಿಯಲಿಲ್ಲ. ಅಲ್ಲಿಗೆ ಇನ್ನೊಂದು ಕೈ ಬಂದಿತು. ಇಷ್ಟನ್ನು ಯಾವ ನೀತಿಗ್ರಂಥವಾದರೂ ಹೇಳೀತು. ಈ ಕಥೆಯ ಹೆಚ್ಚುಗಾರಿಕೆಯು ಇದರ ಮುಂದಿನ ಹೆಜ್ಜೆಯಲ್ಲಿದೆ. ಆ ಇನ್ನೊಂದು ಕೈಯೂ ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ದುಷ್ಟಬುದ್ಧಿಯು ಚಂದ್ರಹಾಸನ ಕೊಲೆಗೆ ಮೂರು ಸಲ ಆಜ್ಞೆ ಮಾಡುವನು. ಮೂರು ಸಲವೂ ತಾನು ದೂರದಲ್ಲಿರುವನು. ಮೂರು ಸಲವೂ ಕೆಲಸವಾಯಿತೆಂಬುದಕ್ಕೆ ಯಾವುದೋ ಒಂದು ಗುರುತನ್ನು ನಂಬುವನು. ಅರಸನ ದೋಷವೇ ಮಂತ್ರಿಯ ಕಾರ್ಯಕ್ರಮವಾಗಿದೆ. ಅರಸನ ಅನವಧಾನದಿಂದ ಬೆಳೆದವನು ತನ್ನ ಅನವಧಾನದಿಂದ ಅಳಿಯುವನು.

ಮೊದಲನೆಯ ಸಲ ಆಳುಗಳು ಹಸುಳೆಯನ್ನು ಕಾಡಿಗೆ ಒಯ್ಯುವರು. ಅವರಿಗೆ ಕರುಣೆ ಹುಟ್ಟುವುದು. ಆದರೆ ಒಡೆಯನಿಗೆ ಏನನ್ನಾದರೂ ತೋರಿಸಬೇಕಲ್ಲ! ಬಾಲಕನ ಎಡಗಾಲಿನ ಆರನೆಯ ಬೆರಳನ್ನು ಕತ್ತರಿಸಿ ತಂದು ಮುಂದಿಡುವರು. ಮಂತ್ರಿಯು ಬೆರಳನ್ನು ಕಂಡು ತೃಪ್ತನಾಗುವನು. ಅವನು ಕೇಳಿದುದು ಪ್ರಾಣವನ್ನು. ಅವನಿಗೆ ಸಂದುದು ಬೆರಳು. ಎರಡಕ್ಕೂ ಇರುವ ಅಂತರವನ್ನು ಅಳೆಯಲು ಅವನು ಕಾಡಿಗೆ ಹೋಗಲಿಲ್ಲ. ದೂರದಲ್ಲಿ ಕುಳಿತು ಆಳುವವರಿಗೆ ಕೆಳಗಿನವರು ಯಾವಾಗಲೂ ಇಂತಹದೊಂದು ಬೆರಳನ್ನು ಒಪ್ಪಿಸಬಲ್ಲರು. ಅದು ಸುಳ್ಳಲ್ಲ, ನಿಜವಾದ ಬೆರಳೇ. ಆದರೂ ಅದು ಹೇಳುವ ಸಮಾಚಾರವು ಸುಳ್ಳು. ಈ ಆಳುಗಳಿಂದಲೇ ಕಥಾನಾಯಕನು ಉಳಿದನೆಂಬುದರಿಂದ ಓದುಗರ ಮನಸ್ಸು ಅವರ ಕಡೆಗೇ ಇರುವುದು. ಅನ್ಯಾಯದ ಆಜ್ಞೆಯನ್ನು ಕೆಳಗಿನವರು ಸೋಸಿ ಮೃದುಗೊಳಿಸುವುದಕ್ಕೂ ಇದೇ ದೂರವು ಎಡೆಗೊಟ್ಟಿತೆಂಬುದನ್ನು ಮರೆಯಬಾರದು.

ಎರಡನೆಯ ಸಲದ್ದು ಎಲ್ಲರಿಗೂ ತಿಳಿದ ಕಾಗದದ ಪ್ರಸಂಗ. ಅದಕ್ಕೆ ಮುಂಚೆ ಒಂದು ಸಂಗತಿಯನ್ನು ಗಮನಿಸಬೇಕು. ಕುಳಿಂದನ ಮಗನೆಂಬ ಚಂದ್ರಹಾಸನ ಸುದ್ದಿಯನ್ನು ಕೇಳಿ ಸಂಶಯಗೊಂಡ ದುಷ್ಟಬುದ್ಧಿಯು, ಮಗನಾದ ಮದನನಿಗೆ ಕಾರ್ಯಭಾರವನ್ನು ಒಪ್ಪಿಸಿ, ತಾನೇ ಚಂದನಾವತಿಗೆ ಹೋಗುವನು. ಹಲವು ವರ್ಷಗಳಿಂದ ಅವನಿಗೆ ತಿಳಿಯದೆ ಇದ್ದ ನಿಜವು ಅಲ್ಲಿ ಕಾಲಿಟ್ಟಕೂಡಲೆ ತಿಳಿಯುವುದು: ಕೊಂದೆನೆಂದುಕೊಂಡಿದ್ದ ಬಾಲಕನೇ ಇವನು. ಕಥೆಯಲ್ಲಿ ಅವನು ಸ್ವತಃ ಹೋಗಿ ಕಣ್ಣಾರೆ ಕಂಡುದು ಇದೊಂದೇ ಸಲ. ಅವನ ಎಣಿಕೆಯು ಸರಿಯಾದುದೂ ಇದೊಂದೇ ಸಲ. ಇಷ್ಟಾದ ಮೇಲೂ ಅವನು ಕಲಿತುದಿಲ್ಲ. ಎದುರಿಗಿರುವ ಶತ್ರುವಿನ ಕೈಯಲ್ಲಿಯೇ ಮುದ್ರೆಯೊತ್ತಿದ ಕಾಗದವೊಂದನ್ನು ಕೊಟ್ಟು ಮದನನ ಬಳಿಗೆ ಕಳುಹಿಸುವನು. ಹಳೆಯ ಅಭ್ಯಾಸವು ಹೊಸ ಅನುಭವವನ್ನು ಗೆದ್ದಿತು.

ಆ ಕಾಗದದ ಸ್ವರೂಪವನ್ನು ವಿಚಾರಿಸುವುದು ಅವಶ್ಯ. ಬಂದವನ ಕುಲವನ್ನಾಗಲಿ ವಿದ್ಯೆಯನ್ನಾಗಲಿ ಸಿರಿಯನ್ನಾಗಲಿ ನೋಡಕೂಡದು, ಹೇಳಿದುದನ್ನು ತಡವಿಲ್ಲದೆ ಮಾಡತಕ್ಕುದು, ಎಂಬುದು ಅದರ ಸಾರ. ಅಂದರೆ ಅದು ಪ್ರಶ್ನೆಯನ್ನು ನಿಷೇಧಿಸುವ ಆಜ್ಞೆ. ದುರಾಲೋಚನೆಯನ್ನು ಮುಚ್ಚಿಡಬೇಕಾದುದರಿಂದ ಅವನು ಕಾರಣವನ್ನು ಬರೆಯಲಾರನು; ಕಾರಣವಿಲ್ಲದ ಆಜ್ಞೆಯು ನಡೆಯಬೇಕಾದರೆ ವಿಚಾರಣೆಯನ್ನು ತಡೆಯಬೇಕು. ಉದ್ಯಾನದಲ್ಲಿ ಮಲಗಿದ್ದ ತರುಣನ ಬಳಿಯಿದ್ದ ಕಾಗದವನ್ನು ವಿಷಯೆಯು ಓದಿ, ವಿಷವೆಂಬಲ್ಲಿ ತನ್ನ ಹೆಸರು ಬರುವಂತೆ ಒಂದಕ್ಷರವನ್ನು ತಿದ್ದಿದಾಗ, ತಂದೆಯು ಇಷ್ಟು ಜಾಗರೂಕತೆಯಿಂದ ಕಟ್ಟಿದ ಬೇಲಿಯೇ ಅವಳಿಗೆ ನೆರವಾಯಿತು. ಮದನನು ಓದಿದನು, ಕುಲವನ್ನು ಕೇಳಲಿಲ್ಲ, ಸಿರಿಯನ್ನು ವಿಚಾರಿಸಲಿಲ್ಲ, ತಡಮಾಡಲಿಲ್ಲ, ತಂಗಿಯನ್ನು ಮದುವೆ ಮಾಡಿಕೊಟ್ಟನು. ಪ್ರಶ್ನೆಗೆ ಒಂದಿಷ್ಟು ಎಡೆಯಿದ್ದಿದ್ದರೆ ಮೋಸವು ಬಯಲಾಗುತ್ತಿದ್ದಿತು. ಆಜ್ಞೆಯ ಬಿಗಿಯೇ ಆಜ್ಞೆಯನ್ನು ಕೆಡಿಸಿತು.

ವಿಷಯೆಯ ತಿದ್ದುಗೆಯನ್ನು ಶೃಂಗಾರದ ಜಾಣತನವೆಂದು ಮಾತ್ರ ಎಣಿಸುವುದು ಸಾಲದು. ತಂದೆಯು ಇಂತಹವನಿಗೆ ವಿಷವನ್ನು ಕೊಡಿಸಲಾರನು, ಅವಸರದಲ್ಲಿ ಅಕ್ಷರವು ತಪ್ಪಿರಬೇಕು, ಎಂದು ಅವಳು ತರ್ಕಿಸುವಳು. ಮೇಲಿನವನ ಮನಸ್ಸು ಕಾಣದಿರುವಾಗ ಕೆಳಗಿನವರು ಆ ಮನಸ್ಸನ್ನು ತಾವೇ ಕಲ್ಪಿಸಿಕೊಳ್ಳಬೇಕಾಗುವುದು. ಒಳ್ಳೆಯವರು ಒಳ್ಳೆಯದನ್ನೇ ಕಲ್ಪಿಸಿಕೊಳ್ಳುವರು. ಮದನನು ಅಕ್ಷರಕ್ಕೆ ವಿಧೇಯನು, ವಿಷಯೆಯು ತಾನು ಊಹಿಸಿದ ಅರ್ಥಕ್ಕೆ ವಿಧೇಯಳು. ಇಬ್ಬರೂ ತಂದೆಗೆ ಪ್ರಿಯವಾದುದನ್ನೇ ಮಾಡಿದೆವೆಂದು ನಂಬಿದ್ದರು. ದುಷ್ಟಬುದ್ಧಿಯು ಊರಿಗೆ ಬಂದು ಮದುವೆಯ ಸಡಗರವನ್ನು ಕಂಡು ಸಿಡಿದೆದ್ದಾಗ ಮಗನು ಕಾಗದವನ್ನು ಮುಂದಿಡುವನು. ಅದು ತನ್ನದಲ್ಲವೆನ್ನಲು ಮಂತ್ರಿಗೆ ಬಾಯಿಲ್ಲ. ಕಚೇರಿಯ ಕೆಲಸವನ್ನು ಬಲ್ಲವರು ಈ ಸನ್ನಿವೇಶವನ್ನು ಓದಿ ನಗದೆ ಇರಲಾರರು. ಆ ನಗೆಯಲ್ಲಿ ಸ್ವಲ್ಪ ಅಂಜಿಕೆಯೂ ಬೆರೆತಿರುವುದು.

ಮೂರನೆಯ ಆಜ್ಞೆಯು ಇನ್ನೂ ಭಯಂಕರವಾದುದು. ಚಂಡಿಕೆಯ ಗುಡಿಗೆ ಪೂಜೆಗಾಗಿ ಬರುವವನನ್ನು ಕೊಲ್ಲಿರೆಂದು ಕೊಲೆಗಾರರಿಗೆ ಹೇಳಿ, ಅಳಿಯನನ್ನು ಅತ್ತ ಕಳುಹಿಸುವನು. ಬರುವವನು ಯಾರೆಂಬುದನ್ನು ನೋಡತಕ್ಕ ಭಾರವನ್ನು ಅವರಿಗೆ ಕೊಡಲಿಲ್ಲ. ಅದೇ ಹೊತ್ತಿಗೆ, ಇಷ್ಟು ಕಾಲ ಸುಮ್ಮನಿದ್ದ ಅರಸನು ಮೊದಲ ಬಾರಿಗೆ ಒಂದು ಕೆಲಸವನ್ನು ಮಾಡುವನು: ಚಂದ್ರಹಾಸನನ್ನು ಕರೆತರಲು ಮದನನನ್ನು ಕಳುಹಿಸುವನು. ಮದನನು ದಾರಿಯಲ್ಲಿ ಭಾವನನ್ನು ಕಂಡು, ಅರಮನೆಗೆ ಅವನನ್ನು ಕಳುಹಿಸಿ, ಪೂಜಾಸಾಮಗ್ರಿಯನ್ನು ತಾನು ತೆಗೆದುಕೊಂಡು ಗುಡಿಗೆ ಹೋಗುವನು. ಅರಸನೂ ಮಂತ್ರಿಯೂ ಒಬ್ಬರಿಗೊಬ್ಬರು ತಿಳಿಸದೆ ಹೊರಡಿಸಿದ ಎರಡು ಅಪ್ಪಣೆಗಳು ದಾರಿಯಲ್ಲಿ ಎದುರುಬದುರಾದುವು. ಅವೆರಡರ ನಡುವೆ ಸಿಕ್ಕಿ ಸತ್ತವನು ಇಡೀ ಕಥೆಯಲ್ಲಿ ಹೇಳಿದ ಕೆಲಸವನ್ನು ಹೇಳಿದಂತೆ ಮಾಡುತ್ತಿದ್ದ ಒಬ್ಬನೇ ಒಬ್ಬನು. ಕುಂತಳದ ಆಳಿಕೆಯ ಪರಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ವರ್ಣನೆಯೂ ತೋರಿಸಲಾರದು.

ಇಷ್ಟರಿಂದ ಲಕ್ಷ್ಮೀಶನು ಕೈಯಿಕ್ಕದ ಒಡೆತನವನ್ನೇ ಕೆಟ್ಟುದೆಂದು ತಿಳಿದಿದ್ದನೆಂದು ಹೇಳಲಾಗದು. ಚಂದನಾವತಿಯ ಕುಳಿಂದನನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಅವನೂ ಒಪ್ಪಿಸಿಕೊಡುವವನೇ. ಕಾಡಿನಲ್ಲಿ ಸಿಕ್ಕಿದ ಬಾಲಕನನ್ನು ಸಾಕಿ, ಓದಿಸಿ, ಬಿಲ್ವಿದ್ಯೆಯನ್ನು ಕಲಿಸಿ, ದಿಗ್ವಿಜಯಕ್ಕೆ ಅವನನ್ನೇ ಹೋಗಗೊಟ್ಟು, ಪಟ್ಟವನ್ನು ಕಟ್ಟುವನು. ಚಂದ್ರಹಾಸನು ಏಕಾದಶಿಯ ವ್ರತವನ್ನು ನಾಡಿನಲ್ಲಿ ನಡೆಯಿಸಿದಾಗಲೂ ಮುದುಕನು ಅಡ್ಡ ಬರಲಿಲ್ಲ. ಆದರೆ ಕುಳಿಂದನು ಎಲ್ಲಿಗೂ ಹೋಗಿಲ್ಲ. ಅವನು ಮನೆಯಲ್ಲಿಯೇ ಇರುವನು; ಮಗನು ಗೆದ್ದು ಬಂದಾಗ ಇದಿರ್ಗೊಳ್ಳುವನು; ಆಗಿದ್ದೇನೆಂದು ಕೇಳಿ ತಿಳಿಯುವನು. ಒಪ್ಪಿಸುವುದಕ್ಕೆ ಮುಂಚೆ ಕಲಿಸಿದನೆಂಬುದೂ, ಒಪ್ಪಿಸಿದ ಮೇಲೆ ವಿಚಾರಿಸುತ್ತಿದ್ದನೆಂಬುದೂ ಅವನನ್ನು ಕುಂತಳೇಶ್ವರನಿಂದ ಬೇರೆಮಾಡುವುವು. ಒಬ್ಬನದು ನಿಯೋಗ, ಇನ್ನೊಬ್ಬನದು ಪರಿತ್ಯಾಗ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುವುವು. ಎರಡರಲ್ಲಿಯೂ ಒಡೆಯನ ಕೈ ಕೆಲಸದ ಮೇಲಿಲ್ಲ.

ಈ ಭೇದವನ್ನು ಇನ್ನೂ ನಿಚ್ಚಳವಾಗಿ ಕಾಣಬೇಕಾದರೆ ಭಾರತದ ಸಭಾಪರ್ವಕ್ಕೆ ಹೋಗಬೇಕು. ಮಯನು ಕಟ್ಟಿದ ಸಭೆಯಲ್ಲಿ ಕುಳಿತ ಧರ್ಮರಾಯನ ಬಳಿಗೆ ನಾರದನು ಬಂದು ರಾಜನೀತಿಯನ್ನು ಪ್ರಸ್ತಾಪಿಸುವ ಸಂದರ್ಭವನ್ನು ಕುಮಾರವ್ಯಾಸನು ಭಾಮಿನಿಯ ಚುರುಕಿನಲ್ಲಿ ತಂದಿರುವನು. ವ್ಯಾಸಭಾರತದಲ್ಲಿ ಅದೊಂದು ದೀರ್ಘವಾದ ಅಧ್ಯಾಯ. ಅಲ್ಲಿ ಗಮನಿಸಬೇಕಾದುದು ನೀತಿಯ ರೂಪ. ನಾರದನು ಹೀಗೆ ಮಾಡೆಂದು ವಿಧಿಸುವುದಿಲ್ಲ. ಹೀಗೆ ನಡೆಯುತ್ತಿದೆಯಷ್ಟೆ ಎಂದು ಕೇಳುವನು. ಸೈನಿಕರಿಗೆ ಸಂಬಳವು ಹೊತ್ತಿಗೆ ಸರಿಯಾಗಿ ಸಲ್ಲುತ್ತಿದೆಯಷ್ಟೆ? ಕೆರೆಗಳು ತುಂಬಿರುವುವಷ್ಟೆ? ಒಕ್ಕಲಿಗನಿಗೆ ಬೀಜಕ್ಕೂ ಊಟಕ್ಕೂ ಕೊರತೆಯಿಲ್ಲವಷ್ಟೆ? ಶಿಲ್ಪಿಗಳಿಗೆಲ್ಲ ನಾಲ್ಕು ತಿಂಗಳಿಗೆ ಸಾಲುವಷ್ಟು ಸಾಮಗ್ರಿಯೂ ಉಪಕರಣಗಳೂ ತಪ್ಪದೆ ದೊರೆಯುತ್ತಿರುವುವಷ್ಟೆ? ಅರಸನು ಕೆರೆಯನ್ನು ತೋಡಬೇಕೆಂದಾಗಲಿ ಶಿಲ್ಪಿಯ ಉಳಿಯನ್ನು ಹಿಡಿಯಬೇಕೆಂದಾಗಲಿ ಈ ಪ್ರಶ್ನೆಗಳ ತಾತ್ಪರ್ಯವಲ್ಲ. ಆ ಕೆಲಸಗಳಿಗೆ ಬೇರೆ ಜನರಿರುವರು; ಅವರ ಕೆಲಸಕ್ಕೆ ಬೇಕಾದುದು ಒದಗಿದೆಯೇ ಎಂಬುದನ್ನು ಬಲ್ಲವನಾಗಿರುವುದು ಮಾತ್ರ ಅರಸನು ಯಾರಿಗೂ ಒಪ್ಪಿಸಲಾರದ ಕೆಲಸ. ನಾಲ್ಕು ತಿಂಗಳ ಸಾಮಗ್ರಿಯೆಂಬ ಲೆಕ್ಕವನ್ನು ನೋಡಿದರೆ ಈ ಅಧ್ಯಾಯವನ್ನು ಬರೆದವರು ಕಮ್ಮಟಗಳನ್ನು ಕಣ್ಣಾರೆ ಕಂಡವರೆಂದು ನಂಬಬೇಕಾಗುವುದು.

ಕೇಳುವುದರಿಂದಲೇ ಎಲ್ಲವೂ ಸರಿಹೋಗುವುದೇ ಎಂದರೆ, ಅದೇ ಪರ್ವವು ಅದಕ್ಕೆ ಪ್ರತಿಯುತ್ತರವನ್ನೂ ಇಟ್ಟುಕೊಂಡಿದೆ. ಜೂಜಿನ ಸಭೆಯಲ್ಲಿ ಧೃತರಾಷ್ಟ್ರನೂ ಕೇಳುತ್ತಲೇ ಇರುವನು. ಅವನು ಕೇಳುವುದು ಗೆದ್ದುದಾಯಿತೇ ಎಂಬುದೊಂದನ್ನೇ. ಪಣಕ್ಕೆ ಇಟ್ಟುದೇನು, ಆಡುವವರಾರು, ಆಟವು ನ್ಯಾಯವೇ, ಎಂಬುದನ್ನು ಅವನು ಕೇಳುವುದಿಲ್ಲ. ಹೆಸರಿಗೆ ಮಗನ ಕೆಲಸದಲ್ಲಿ ಕೈಹಾಕದ ತಂದೆ. ಒಳಗೆ ಫಲದಲ್ಲಿ ಮಾತ್ರ ಆಸೆಯುಳ್ಳವನು. ಕುಂತಳೇಶ್ವರನ ವೈರಾಗ್ಯಕ್ಕಿಂತ ಇದು ಕೀಳು. ಫಲವನ್ನು ಮಾತ್ರ ಎಣಿಸಿ ದಾರಿಯನ್ನು ಕೇಳದಿರುವ ಈ ಬಗೆಯ ಕುರುಡು ಅಂದಿನ ಅರಮನೆಗೆ ಮೀಸಲಾದುದಲ್ಲ.

ಪಾಶ್ಚಾತ್ಯರು ಈ ವಿಷಯವನ್ನು ಪ್ರಯೋಗದಿಂದ ನೋಡಲು ತೊಡಗಿದುದು ಈಚೆಗೆ. ಕರ್ಟ್ ಲೆವಿನ್, ಲಿಪ್ಪಿಟ್, ವೈಟ್ ಎಂಬವರು ಅಮೆರಿಕೆಯ ಅಯೋವಾದಲ್ಲಿ ಹತ್ತು ವಯಸ್ಸಿನ ಹುಡುಗರ ಸಂಘಗಳನ್ನು ಕಟ್ಟಿ, ಮುಖವಾಡ ಮಾಡುವುದೇ ಮೊದಲಾದ ಕೆಲಸಗಳನ್ನು ಕೊಟ್ಟು, ಅಪ್ಪಣೆ ಮಾಡುವವನು, ಕೂಡಿ ಆಲೋಚಿಸುವವನು, ಎಲ್ಲವನ್ನೂ ಬಿಟ್ಟುಬಿಡುವವನು ಎಂಬ ಮೂರು ಬಗೆಯ ನಾಯಕರ ಕೈಕೆಳಗೆ ಅವರನ್ನು ಇರಿಸಿ ನೋಡಿದರು. 1939ರಲ್ಲಿ ಅದರ ವರದಿಯು ಪ್ರಕಟವಾಯಿತು. ಎಲ್ಲವನ್ನೂ ಬಿಟ್ಟುಬಿಟ್ಟ ಸಂಘದಲ್ಲಿ ಕೆಲಸವೂ ಕಡಿಮೆಯಾಯಿತು, ಅಸಮಾಧಾನವೂ ಹೆಚ್ಚಿತು. ಅಪ್ಪಣೆಯ ಸಂಘದಲ್ಲಿ ನಾಯಕನು ಹೊರಗೆ ಹೋದೊಡನೆ ಕೆಲಸವು ಕುಸಿಯಿತು. ಕೂಡಿ ಆಲೋಚಿಸಿದ ಸಂಘದಲ್ಲಿ ಅವನು ಹೋದರೂ ಕೆಲಸವು ನಡೆಯಿತು. ನಾಯಕನು ಕೋಣೆಯಿಂದ ಹೊರಗೆ ಹೋದಾಗಲೇ ನಾಯಕತ್ವವನ್ನು ಅಳೆಯಬೇಕೆಂಬ ಸೂಕ್ಷ್ಮವು ಇದರಲ್ಲಿರುವುದರಿಂದ ಈ ಹುಡುಗರ ಮುಖವಾಡಗಳಿಗೆ ಬೆಲೆಯುಂಟು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆಯನ್ನು ಈ ಅಳತೆಯಿಂದ ನೋಡಬಹುದು. ಬೆಂಕಿಪುರವೆಂದು ಕರೆಯುತ್ತಿದ್ದ ಆ ಊರಿನಲ್ಲಿ, ಮಲೆನಾಡಿನ ಸೌದೆಯ ಇದ್ದಲಿನಿಂದ ಅದಿರನ್ನು ಕರಗಿಸುವ ಕುಲುಮೆಯು 1923ರಲ್ಲಿ ಹೊತ್ತಿತು. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೋಚಿಸಿದ ಕಾರ್ಖಾನೆಯು ಯುದ್ಧವು ಮುಗಿದು ಕಬ್ಬಿಣದ ಬೆಲೆಯು ಇಳಿದಿದ್ದಾಗ ಕೆಲಸಕ್ಕೆ ತೊಡಗಿದುದರಿಂದ ನಷ್ಟವು ಕಟ್ಟಿಟ್ಟುದಾಯಿತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮೈಸೂರು ಸರ್ಕಾರವು ಆಗ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕರೆಯಿತು. 1923ರಿಂದ 1929ರ ವರೆಗೆ ಅವರು ಆ ಸ್ಥಾನದಲ್ಲಿದ್ದರು. ಅವರನ್ನು ಕೈಯಿಕ್ಕದ ನಾಯಕರೆಂದು ಯಾರೂ ಹೇಳಲಾರರು. ಎಲ್ಲದರಲ್ಲಿಯೂ ಕಣ್ಣಿಟ್ಟಿದ್ದವರೆಂದೇ ಅವರ ಖ್ಯಾತಿ. ಆದರೆ ಖ್ಯಾತಿಯು ಮುಚ್ಚಿರುವ ಇನ್ನೊಂದು ಸಂಗತಿಯಿದೆ. ಹೊರನಾಡಿ ತಜ್ಞರ ಎಡೆಯಲ್ಲಿ ಈ ನಾಡಿನವರನ್ನು ಕಲಿಸಿ ನಿಲ್ಲಿಸಬೇಕೆಂಬುದು ಅವರ ಹಟವಾಗಿತ್ತು. ಅವರು ಹೊರಟುಹೋದ ಮೇಲೆ, 1936ರಲ್ಲಿ, ಅಲ್ಲಿ ಉಕ್ಕಿನ ತಯಾರಿಕೆಯು ಆರಂಭವಾಯಿತು. ಅಧ್ಯಕ್ಷನು ಕೋಣೆಯಿಂದ ಹೊರಗೆ ಹೋದನು, ಕುಲುಮೆಯು ಆರಲಿಲ್ಲ. ವಿಶ್ವೇಶ್ವರಯ್ಯನವರನ್ನು ಹೊಗಳುವವರು ಅವರ ಗಡಿಯಾರವನ್ನೂ ಶಿಸ್ತನ್ನೂ ಹೊಗಳುವಷ್ಟು ಇದನ್ನು ಹೊಗಳದಿರುವುದು ವಿಷಾದಕರ. ಅವರು ಕುಳಿಂದನ ಪಂಗಡಕ್ಕೆ ಸೇರಿದವರು.

ಮುಂದಿನ ಚರಿತ್ರೆಯಲ್ಲಿ ಒಡೆತನವು ಊರಿನಿಂದ ದೂರ ದೂರಕ್ಕೆ ಸರಿಯುತ್ತ ಹೋಯಿತು. ಸಂಸ್ಥಾನದ ಕಾರ್ಖಾನೆಯು 1962ರಲ್ಲಿ ಕಂಪನಿಯಾಯಿತು. 1989ರಲ್ಲಿ ಭಾರತದ ಉಕ್ಕಿನ ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲಿಯೇ ಲೀನವಾಯಿತು. 2016ರಲ್ಲಿ ಅದನ್ನು ಮಾರುವ ಆಲೋಚನೆ. 2022ರಲ್ಲಿ ಕೊಳ್ಳುವವರು ಸಾಲದೆ ಆ ಆಲೋಚನೆಯನ್ನು ಕೈಬಿಟ್ಟುದು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ. ಗುತ್ತಿಗೆ ಕಾರ್ಮಿಕರ ಧರಣಿ. ಅದೇ ವರ್ಷದ ಆಗಸ್ಟಿನಲ್ಲಿ ಮತ್ತೆ ಕೆಲಸದ ಆರಂಭ. ಸ್ವಂತ ಅದಿರಿನ ಗಣಿಯು ಕೈತಪ್ಪಿದ ಕಾರ್ಖಾನೆಯು ಕೊರಗುತ್ತಿದ್ದುದು ಯಾರಿಗೂ ಗುಟ್ಟಾಗಿರಲಿಲ್ಲ. ಶಿಲ್ಪಿಗೆ ನಾಲ್ಕು ತಿಂಗಳ ಸಾಮಗ್ರಿಯುಂಟೇ ಎಂಬ ಪ್ರಶ್ನೆಯನ್ನು ಇಲ್ಲಿ ಯಾರು ಯಾರನ್ನು ಕೇಳಬೇಕಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು. ನೆರೆಯ ಕಾಗದದ ಕಾರ್ಖಾನೆಯು 2015ರಲ್ಲಿಯೇ ತಯಾರಿಕೆಯನ್ನು ನಿಲ್ಲಿಸಿತ್ತು.

ಮಾಚೇನಹಳ್ಳಿಗೆ ಬಂದರೆ ಒಡೆತನದ ಬೇರೊಂದು ಮಾದರಿಯು ಕಾಣುವುದು. ಶಿವಮೊಗ್ಗ ಹಾಲು ಒಕ್ಕೂಟದ ಡೇರಿಯು ಅಲ್ಲಿದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಹಳ್ಳಿಯ ಸಂಘಗಳು ಅದಕ್ಕೆ ಒಡೆಯರು. ಒಂದೆರಡು ಹಸುಗಳನ್ನು ಕಟ್ಟಿರುವ ಹೆಂಗಸು ಈ ಯಂತ್ರಗಳ ಪಾಲುಗಾರ್ತಿ. ಅವಳು ಅವುಗಳ ಬಳಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಚುನಾಯಿತ ಮಂಡಳಿಯಿರುವುದು, ಸಂಬಳದ ವ್ಯವಸ್ಥಾಪಕನಿರುವನು. ಒಡೆಯರು ಕೈಯಿಕ್ಕದಿರುವುದೇ ಈ ಪದ್ಧತಿಯ ಕಟ್ಟು. ಆದರೂ ದಿನಕ್ಕೆ ಎರಡು ಹೊತ್ತು ಸಂಘದ ಬಾಗಿಲಲ್ಲಿ ಹಾಲನ್ನು ಅಳೆದು ಜಿಡ್ಡನ್ನು ನೋಡಿ ಬರೆಯುವರು. ಆ ಬರೆಹದಂತೆ ಹಣವು ಬರಬೇಕು. ಅಳತೆಯು ತಪ್ಪಿದರೆ ಅವಳು ಮರುದಿನವೇ ಕೇಳಬಲ್ಲಳು. ಮಂಡಳಿಗಳಲ್ಲಿ ರಾಜಕೀಯವು ನುಗ್ಗುವುದೆಂಬ ದೂರು ಸಹಕಾರ ರಂಗದಲ್ಲೆಲ್ಲ ಇದ್ದುದೇ; ಅದು ನಿಜವಾದಲ್ಲಿ ಕೇಳುವ ದಾರಿಯು ಅಷ್ಟರಮಟ್ಟಿಗೆ ಕಟ್ಟಿಹೋಗುವುದು.

ಇದಕ್ಕೆ ವಿರುದ್ಧವಾದ ತುದಿಯಲ್ಲಿ ಗುತ್ತಿಗೆಯ ದುಡಿಮೆಯಿದೆ. ಕೆಲಸವು ಕಾರ್ಖಾನೆಯದು, ಆಳು ಗುತ್ತಿಗೆದಾರನವನು. ಅವನ ಹೆಸರೂ ಸಂಬಳವೂ ಗಾಯವೂ ಕಾರ್ಖಾನೆಯವನಿಗೆ ಬೆರಳಿನ ರೂಪದಲ್ಲಿ ಮಾತ್ರ ತಲುಪುವುವು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ಇದನ್ನು ಅರಿತೇ, ಗುತ್ತಿಗೆದಾರನು ಸಂಬಳವನ್ನು ಹಂಚುವಾಗ ಮೂಲ ಮಾಲಿಕನ ಪ್ರತಿನಿಧಿಯು ಎದುರಿಗಿರಬೇಕೆಂದೂ, ಗುತ್ತಿಗೆದಾರನು ಕೊಡದಿದ್ದರೆ ಮಾಲಿಕನೇ ಕೊಡಬೇಕೆಂದೂ ವಿಧಿಸಿತು. ಎದುರಿಗಿರಬೇಕೆಂಬ ಆ ಒಂದು ಮಾತಿನಲ್ಲಿ ನಾರದನ ಪ್ರಶ್ನೆಯು ಶಾಸನವಾಗಿತ್ತು. ಪ್ರತಿನಿಧಿಯು ಹೋಗದೆ ಸಹಿಯನ್ನು ಮಾತ್ರ ಹಾಕಿದರೆ ಶಾಸನವು ಪುನಃ ಮುದ್ರೆಯೊತ್ತಿದ ಕಾಗದವಾಗುತ್ತಿತ್ತು.

ಲಕ್ಷ್ಮೀಶನ ಕಥೆಗೆ ಮರಳಿ, ಅದರ ಮುಕ್ತಾಯದ ವಿಷಯವಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಮಗನ ಹೆಣವನ್ನು ಕಂಡು ದುಷ್ಟಬುದ್ಧಿಯು ಗುಡಿಯಲ್ಲಿಯೇ ಪ್ರಾಣಬಿಡುವನು. ಚಂದ್ರಹಾಸನ ಪ್ರಾರ್ಥನೆಯಿಂದ ದೇವಿಯು ಇಬ್ಬರನ್ನೂ ಬದುಕಿಸುವಳು. ಭಕ್ತಿಕಾವ್ಯಕ್ಕೆ ಇದು ಒಪ್ಪುವ ಮುಗಿವು. ಆದರೆ ಕಟ್ಟಿದ ಕಥೆಯ ನ್ಯಾಯಕ್ಕೆ ಇದರಿಂದ ಸ್ವಲ್ಪ ಕುಂದು ಬಂದಿದೆ. ಮೂರು ಆಜ್ಞೆಗಳ ಸರಪಣಿಯು ಮದನನ ಸಾವಿನಲ್ಲಿ ಎಷ್ಟು ಬಿಗಿಯಾಗಿ ಮುಗಿದಿತ್ತೆಂದರೆ ಅವನು ಏಳುವುದನ್ನು ನಂಬಲು ಓದುಗನು ಪ್ರಯತ್ನಪಡಬೇಕಾಗುವುದು. ಇನ್ನೊಂದು ಲೋಪವು ಇದಕ್ಕಿಂತ ದೊಡ್ಡದು. ಅರಸನು ರಾಜ್ಯವನ್ನೂ ಮಗಳನ್ನೂ ಕೊಟ್ಟು ಕಾಡಿಗೆ ಹೊರಟವನು ಗುಡಿಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ತಾನು ಕಳುಹಿಸಿದ ಮದನನು ಚಂದ್ರಹಾಸನೊಡನೆ ಹಿಂದಿರುಗಲಿಲ್ಲವೇಕೆಂದು ಅವನು ಕೇಳಬಹುದಾಗಿತ್ತು. ಕವಿಯು ಅವನಿಗೆ ಆ ಒಂದು ಪ್ರಶ್ನೆಯನ್ನು ಕೊಡಲಿಲ್ಲ; ಗುಡಿಯಲ್ಲಿ ಬಿದ್ದಿದ್ದವರನ್ನು ಹುಡುಕಿಕೊಂಡು ಹೋದವನು ಚಂದ್ರಹಾಸನು.